ತಕ್ಕಡಿ, ಕನ್ನಡಿ ಮತ್ತು ನಮ್ಮ ಮೈ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ಫೋನ್ ಮಾಡಿ, "ನೀವು ಬಿ.ಇ. ಮಾಡಿ ಸಾಫ್ಟ್‌ವೇರ್ ಕಂಪನಿಯಲ್ಲಿ ಇದ್ದೀರಿ, ಮಕ್ಕಳಿಗೆ ಕಂಪ್ಯೂಟರ್ ಬಗ್ಗೆ, ನೌಕರಿ ಬಗ್ಗೆ ನಾಲ್ಕು ಮಾತು ಹೇಳಬೇಕು" ಎಂದರು. ಆ ವಿಷಯ ಹೇಳಲು ನಮ್ಮ ಬ್ಯಾಚಿನಲ್ಲೇ ಇನ್ನೂ ಮೂರು ಜನ ಇದ್ದಾರೆ. ನಾನು ಬೇರೆ ವಿಷಯ ಕೇಳಿಕೊಂಡೆ. ನಮ್ಮ ಮೈಯ ಬಗ್ಗೆ, ಅದರಲ್ಲೂ ಹೆಣ್ಣುಮಕ್ಕಳ ಮತ್ತು ತಾಯಂದಿರ ಮೈಯ ಬಗ್ಗೆ ಮಾತಾಡುತ್ತೇನೆ ಎಂದೆ. ಒಪ್ಪಿಕೊಂಡ ಸಮಿತಿಗೆ ಮೊದಲು ವಂದನೆ.

ಈ ವಿಷಯವೇ ಯಾಕೆ ಅಂದರೆ, ಗಣಿತ, ವಿಜ್ಞಾನ, ಸಮಾಜ ಎಲ್ಲವನ್ನೂ ನಮಗೆ ಈ ಶಾಲೆ ಚೆನ್ನಾಗಿ ಕಲಿಸಿದೆ. ಮೈಯ ಬಗ್ಗೆ ಮಾತ್ರ ನಾವು ಪಾಠಕ್ಕಿಂತ ಹೆಚ್ಚು ಕಲಿತದ್ದು ಮನೆಯಲ್ಲಿ, ಮದುವೆ ಮನೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ. "ಯವ್ವಾ, ಎಷ್ಟ ದಪ್ಪ ಆಗೀ!" "ಬಿಸಲಾಗ ಆಡಬ್ಯಾಡ, ಕರ್ರಗ ಆಗ್ತಿ." "ಇಷ್ಟ ಸಣ್ಣ ಇದ್ರ ನಾಳೆ ಯಾರ ಮಾಡ್ಕೋತಾರ?" ಇಲ್ಲಿರುವ ಹೆಣ್ಣುಮಕ್ಕಳಲ್ಲಿ ಈ ಮೂರರಲ್ಲಿ ಒಂದನ್ನಾದರೂ ಕೇಳದವರು ಸಿಗುವುದು ಕಷ್ಟ. ಹೇಳಿದವರು ಕೆಟ್ಟವರಲ್ಲ. ಚಿಕ್ಕಮ್ಮ, ಅತ್ತೆ, ಪಕ್ಕದ ಮನೆಯ ವೈನಿ, ಎಲ್ಲರೂ ನಮ್ಮವರೇ. ಆದರೆ ಆ ಒಂದು ಮಾತಿಗೆ ಒಂಬತ್ತನೇ ತರಗತಿಯ ಹುಡುಗಿ ಖೊಖೊ ಬಿಡುತ್ತಾಳೆ. ಒಮ್ಮೆ ಬಿಟ್ಟರೆ ಮತ್ತೆ ಮೈದಾನಕ್ಕೆ ಬರುವುದು ತನ್ನ ಮಗುವಿನ ಸ್ಪೋರ್ಟ್ಸ್ ಡೇ ನೋಡಲಿಕ್ಕೆ.

ನಾವು ಮೈಯನ್ನು ಎರಡೇ ಅಳತೆಯಿಂದ ಅಳೆಯುತ್ತೇವೆ. ಒಂದು ತಕ್ಕಡಿ, ಇನ್ನೊಂದು ಕನ್ನಡಿ. ಮೂರನೆಯ ಅಳತೆ ಒಂದಿದೆ: ಈ ಮೈ ಏನು ಮಾಡಬಲ್ಲದು? ಎಷ್ಟು ಎತ್ತಬಲ್ಲದು, ಎಷ್ಟು ದೂರ ನಡೆಯಬಲ್ಲದು, ರಾತ್ರಿ ನಿದ್ದೆ ಬರುತ್ತದೆಯೇ, ಬೆಳಿಗ್ಗೆ ಎದ್ದಾಗ ಚೈತನ್ಯ ಇರುತ್ತದೆಯೇ? ಈ ಅಳತೆಯನ್ನು ನಾವು ಪೇಟೆಯಿಂದ ತರಬೇಕಾಗಿಲ್ಲ. ನಮ್ಮ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡದ ಸೀಮೆಯಲ್ಲೇ ಅದು ಇದೆ.

ಮೊದಲು ಕುಸ್ತಿಯನ್ನೇ ತೆಗೆದುಕೊಳ್ಳಿ. ಹಳಿಯಾಳ ಅಂದರೆ ಕುಸ್ತಿ ಎಂದು ರಾಜ್ಯಕ್ಕೆ ಗೊತ್ತು. ಅಲ್ಲಿಯ ಕ್ರೀಡಾ ವಸತಿ ನಿಲಯದಲ್ಲಿ ಹುಡುಗರ ಹಾಗೆ ಹುಡುಗಿಯರೂ ಪಟ್ಟು ಕಲಿತಿದ್ದಾರೆ. ಲೀನಾ ಸಿದ್ದಿಯಂಥವರು ರಾಷ್ಟ್ರಮಟ್ಟದ ಕುಸ್ತಿಗೆ ಹೋಗಿದ್ದಾರೆ. ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಕುಸ್ತಿ ಶುರುವಾದದ್ದು 2004ರಲ್ಲಿ. ಈಗ ಅಲ್ಲಿ ಆರು ತೂಕಗಳಿವೆ: 50, 53, 57, 62, 68 ಮತ್ತು 76 ಕಿಲೋ. ಈ ಆರೂ ತೂಕಗಳಿಗೆ ಕೊಡುವ ಚಿನ್ನದ ಪದಕ ಒಂದೇ ಥರದ್ದು. 76 ಕಿಲೋದ ಹುಡುಗಿಗೆ "ನೀನು ದಪ್ಪ, ನಿನಗೆ ಸಣ್ಣ ಪದಕ" ಎನ್ನುವುದಿಲ್ಲ. 50 ಕಿಲೋದವಳಿಗೆ "ಕಡ್ಡಿ ಹಾಗಿದ್ದೀ, ನಿನ್ನಿಂದೇನಾಗುತ್ತದೆ" ಎನ್ನುವುದಿಲ್ಲ. ಅಲ್ಲಿ ತಕ್ಕಡಿಗೆ ಇರುವ ಕೆಲಸ ಒಂದೇ, ಸಮಬಲರನ್ನು ಜೋಡಿ ಮಾಡುವುದು. ಜೋಡಿ ಆದ ಮೇಲೆ ತಕ್ಕಡಿಯನ್ನು ಪಕ್ಕಕ್ಕೆ ಇಡುತ್ತಾರೆ, ನಂತರ ಮಾತಾಡುವುದು ಪಟ್ಟು.

ಆಟದ ನಿಯಮ ಕಟ್ಟುನಿಟ್ಟು ಎನ್ನುವುದೂ ನಿಜ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ವಿನೇಶ್ ಫೋಗಟ್ 50 ಕಿಲೋ ವಿಭಾಗದ ಫೈನಲ್ ತಲುಪಿ, ಆ ದಿನ ಬೆಳಿಗ್ಗೆ ನೂರು ಗ್ರಾಂ ಹೆಚ್ಚು ತೂಗಿದ್ದಕ್ಕೆ ಅನರ್ಹರಾದರು. ದೇಶವೇ ಮರುಗಿತು. ನೂರು ಗ್ರಾಂ ಹೆಚ್ಚು ಕಡಿಮೆ ಆದದ್ದಕ್ಕೆ ಲೆಕ್ಕ ಕೇಳುವ ನಿಯಮ ಅಖಾಡದಲ್ಲಿ ಇರಬಹುದು. ಅಡುಗೆ ಮನೆಯಲ್ಲಿ, ಹೆಣ್ಣು ನೋಡುವ ಶಾಸ್ತ್ರದಲ್ಲಿ, ತರಗತಿಯಲ್ಲಿ ಆ ನಿಯಮವನ್ನು ಯಾರು ತಂದರು?

ಎರಡನೆಯದು ನಮ್ಮ ಸಿದ್ದಿ ಬಂಧುಗಳ ಕತೆ. 1987ರಲ್ಲಿ ಮಾರ್ಗರೆಟ್ ಆಳ್ವ ಅವರ ಆಸಕ್ತಿಯಿಂದ ಭಾರತೀಯ ಕ್ರೀಡಾ ಪ್ರಾಧಿಕಾರವು ವಿಶೇಷ ಕ್ರೀಡಾ ಯೋಜನೆಯ ಅಡಿಯಲ್ಲಿ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿ ಕೊಟ್ಟಿತು. ಕಮಲಾ ಸಿದ್ದಿಯಂಥ ಓಟಗಾರ್ತಿ ಹರ್ಡಲ್ಸ್‌ನಲ್ಲಿ ಹೆಸರು ಮಾಡಿದ್ದು ಆ ಯೋಜನೆಯಿಂದಲೇ. ಆಗ ಎಲ್ಲರೂ, "ಇವರದು ಆಫ್ರಿಕಾ ಮೂಲದ ಮೈಕಟ್ಟು, ಓಟ ರಕ್ತದಲ್ಲೇ ಇದೆ" ಎಂದು ಹೇಳುತ್ತಿದ್ದರಂತೆ. ಹೊಗಳಿಕೆಯ ಮಾತೇ ಆದರೂ ಅದೂ ಕನ್ನಡಿಯ ಮಾತೇ. ಯಾಕೆಂದರೆ ತೊಂಬತ್ತರ ದಶಕದಲ್ಲಿ ಆ ಯೋಜನೆ ನಿಂತಿತು. ಮೈಕಟ್ಟು ಎಲ್ಲೂ ಹೋಗಲಿಲ್ಲ, ಹಾಡಿಯಲ್ಲೇ ಇತ್ತು. ಆದರೆ ಪದಕಗಳು ನಿಂತವು. ಹಾಸ್ಟೆಲ್ಲಿನ ಊಟ, ಕಾಲಿಗೆ ಬೂಟು, ದಿನಾ ಬೆಳಿಗ್ಗೆ ಎಬ್ಬಿಸಿ ಓಡಿಸುವ ಕೋಚ್, ನೌಕರಿಯ ಭರವಸೆ, ಇವು ಇದ್ದಾಗ ಆ ಮಕ್ಕಳು ಓಡಿದರು. ಇವು ತಪ್ಪಿದಾಗ ಎಷ್ಟೋ ಮಕ್ಕಳು ಕೂಲಿಗೆ ಹೋದರು. ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ, ಅಂದರೆ ಆ ಯೋಜನೆ ಮುಗಿದು ಎಷ್ಟೋ ವರ್ಷಗಳ ಮೇಲೆ.

ಇದರಿಂದ ನಾನು ತಿಳಿದುಕೊಂಡದ್ದು ಇಷ್ಟು: ಮೈ ಹುಟ್ಟಿನಿಂದ ಹೇಗೇ ಇರಲಿ, ಅದಕ್ಕೆ ಊಟ, ತಾಲೀಮು, ವಿಶ್ರಾಂತಿ ಈ ಮೂರೂ ಸಿಕ್ಕರೆ ಅರಳುತ್ತದೆ, ಸಿಗದಿದ್ದರೆ ಸೊರಗುತ್ತದೆ. ಇದು ಸಿದ್ದಿ ಹುಡುಗಿಗೂ ನಿಜ, ನನಗೂ ನಿಜ, ಇಲ್ಲಿ ಸೆರಗು ಹೊದ್ದು ಕುಳಿತ ಕಾಕುವಿಗೂ ನಿಜ.

ಈಗ ತಾಯಂದಿರ ವಿಷಯಕ್ಕೆ ಬರುತ್ತೇನೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಗಂಡಸರೂ ದಯವಿಟ್ಟು ಕೇಳಬೇಕು.

ನನ್ನದು ದಿನಕ್ಕೆ ಒಂಬತ್ತು ತಾಸು ಕುರ್ಚಿಯ ಮೇಲೆ ಕುಳಿತು ಮಾಡುವ ಕೆಲಸ. ಹೆರಿಗೆಯಾದ ಮೇಲೆ ಸೊಂಟ ಹಿಡಿಯತೊಡಗಿತು. ಬೆಂಗಳೂರಿನಲ್ಲಿ ನಮ್ಮ ಮನೆಯ ಹತ್ತಿರ ಒಂದು ಜಿಮ್ ಇತ್ತು. ಅಲ್ಲಿ ಹೆಂಗಸರಿಗೆ ಕಲಿಸುವವಳು ಹುಬ್ಬಳ್ಳಿ ಕಡೆಯವಳು, ಎರಡು ಮಕ್ಕಳ ತಾಯಿ. ಬಾಗಿಲ ಮೇಲೆ "ಮೂರು ತಿಂಗಳಲ್ಲಿ ಹತ್ತು ಕಿಲೋ ಇಳಿಸಿ" ಎಂಬ ದೊಡ್ಡ ಬೋರ್ಡು. ಒಳಗೆ ಹೋದರೆ ಆಕೆ ನನ್ನನ್ನು ತಕ್ಕಡಿಯ ಮೇಲೆ ನಿಲ್ಲಿಸಲೇ ಇಲ್ಲ. ಕೂರಿಸಿ ಕೇಳಿದಳು: "ಹೆರಿಗಿ ಆಗಿ ಎಷ್ಟ ತಿಂಗಳ ಆತ್ರೀ ಅಕ್ಕಾ? ನಾರ್ಮಲ್ಲೋ, ಆಪರೇಶನ್ನೋ? ಕೂಸಿನ್ನ ನೆಲದಿಂದ ಎತ್ತೂವಾಗ ಉಸುರು ಹಿಡೀತೀರೇನು? ಕೆಮ್ಮಿದ್ರ, ಸೀನಿದ್ರ ಮೂತ್ರ ಜಾರತದೇನು?" ನಾನು ತಲೆ ತಗ್ಗಿಸಿದೆ. "ನಾಚಬ್ಯಾಡ್ರಿ, ನನಗೂ ಹಂಗ ಆಗಿತ್ತು. ಬಹಳ ಮಂದಿಗೆ ಆಗ್ತದ, ಯಾರೂ ಹೇಳೂದಿಲ್ಲ ಅಷ್ಟ."

ಈ ಮಾತನ್ನು ತುಂಬಿದ ಸಭೆಯಲ್ಲಿ ಹೇಳುತ್ತಿರುವುದಕ್ಕೆ ಕಾರಣ ಇದೆ. ಬಸಿರಿನಲ್ಲಿ ಹೊಟ್ಟೆಯ ನಡುವಿನ ಎರಡು ಪಟ್ಟಿ ಸ್ನಾಯುಗಳು ಬೇರೆಬೇರೆಯಾಗಿ ಸರಿಯುತ್ತವೆ. ಗರ್ಭಕೋಶ ಮತ್ತು ಮೂತ್ರಕೋಶವನ್ನು ಕೆಳಗಿನಿಂದ ಜೋಳಿಗೆಯ ಹಾಗೆ ಹಿಡಿದಿರುವ ಸ್ನಾಯುಗಳು ಜಗ್ಗಿ ಸಡಿಲವಾಗುತ್ತವೆ. ನಮ್ಮ ಬಾಣಂತನದಲ್ಲಿ ಬಿಸಿನೀರು ಇದೆ, ಎಣ್ಣೆ ಇದೆ, ವಿಶ್ರಾಂತಿ ಇದೆ. ಇವೆಲ್ಲ ಒಳ್ಳೆಯವೇ. ಆದರೆ ಬಾಣಂತನ ಮುಗಿದ ಮೇಲೆ ಆ ಸ್ನಾಯುಗಳಿಗೆ ಮತ್ತೆ ಬಲ ತುಂಬುವ ಪದ್ಧತಿ ನಮ್ಮಲ್ಲಿಲ್ಲ. ಹೊಟ್ಟೆಗೆ ಸೀರೆ ಬಿಗಿದು ಕಟ್ಟಿದ ಮಾತ್ರಕ್ಕೆ ಸ್ನಾಯು ಗಟ್ಟಿಯಾಗುವುದಿಲ್ಲ. ಮೂತ್ರ ಬಂದಾಗ ತಡೆಯುವ ಹಾಗೆ ಒಳಗಿನ ಸ್ನಾಯುವನ್ನು ಬಿಗಿ ಮಾಡಿ, ಐದಾರು ಎಣಿಸಿ, ಮೆಲ್ಲಗೆ ಬಿಡಬೇಕು. ಹೀಗೆ ಒಂದು ಸಲಕ್ಕೆ ಹತ್ತು ಬಾರಿ, ದಿನಕ್ಕೆ ಮೂರು ಸಲ. ರೊಟ್ಟಿ ಬಡಿಯುತ್ತ ಮಾಡಬಹುದು, ಬಸ್ಸಿನಲ್ಲಿ ಕುಳಿತು ಮಾಡಬಹುದು, ಯಾರಿಗೂ ಗೊತ್ತಾಗುವುದಿಲ್ಲ. ಕೆಲವು ತಿಂಗಳು ಬಿಡದೆ ಮಾಡಿಯೂ ಗುಣ ಕಾಣದಿದ್ದರೆ ವೈದ್ಯರಿಗೆ ಹೇಳಬೇಕು. "ಮಕ್ಕಳಾದ ಮೇಲೆ ಇದೆಲ್ಲ ಇದ್ದದ್ದೇ" ಎಂದು ಇಪ್ಪತ್ತು ವರ್ಷ ಸಹಿಸಿ, ಮದುವೆಗೆ ಹೋಗುವುದನ್ನೇ ಬಿಟ್ಟ ಹೆಂಗಸರು ನಮ್ಮ ನಡುವೆ ಇದ್ದಾರೆ. ಅವರು ನಕ್ಕರೆ ಕೆಮ್ಮು ಬರುತ್ತದೆಂದು ನಗುವುದನ್ನೂ ಬಿಟ್ಟಿದ್ದಾರೆ.

ಆ ತರಬೇತಿಗಾರ್ತಿಯ ಇನ್ನೊಂದು ಕಷ್ಟ ನನಗೆ ನಿಧಾನಕ್ಕೆ ತಿಳಿಯಿತು. ದರ್ಜಿಯನ್ನು ಅವನ ಅಂಗಿಯಿಂದ ಅಳೆಯುವುದಿಲ್ಲ, ಅಡುಗೆಯವರನ್ನು ಅವರ ಹೊಟ್ಟೆಯಿಂದ ಅಳೆಯುವುದಿಲ್ಲ. ಆದರೆ ವ್ಯಾಯಾಮ ಕಲಿಸುವ ಹೆಂಗಸಿಗೆ ಆಕೆಯ ಮೈಯೇ ಅಂಗಡಿಯ ಬೋರ್ಡು. ಎರಡನೇ ಹೆರಿಗೆಯ ನಂತರ ಕೆಲಸಕ್ಕೆ ಮರಳಿದಾಗ ಹೊಸದಾಗಿ ಬಂದವರೊಬ್ಬರು, "ನಿಮ್ಮ ಹೊಟ್ಟೇನ ಇಳಿದಿಲ್ಲ, ನಮ್ಮದೇನ್ ಇಳಸ್ತೀರಿ?" ಎಂದು ಮುಖದ ಮೇಲೇ ಕೇಳಿ ಹೊರಟು ಹೋದರಂತೆ. ಆಕೆ ಹದಿನಾರು ಕಿಲೋದ ಕಬ್ಬಿಣದ ಗುಂಡನ್ನು ಒಂದೇ ಕೈಯಲ್ಲಿ ತಲೆಯ ಮೇಲೆ ಎತ್ತಿ ಹಿಡಿಯುತ್ತಿದ್ದಳು. ಆಪರೇಶನ್ ಆದವರಿಗೆ ಯಾವ ತಿಂಗಳು ಯಾವುದು ಮಾಡಬೇಕು, ಯಾವುದು ಮಾಡಬಾರದು ಎಂದು ಬಾಯಿಪಾಠ ಹೇಳುತ್ತಿದ್ದಳು. ಅದನ್ನು ನೋಡುವ ಕಣ್ಣು ಎಲ್ಲರಿಗೂ ಇರಲಿಲ್ಲ. "ನನ್ನ ಮಗಳು ಕನ್ನಡಿ ಮುಂದ ನಿಂತು ಹೊಟ್ಟಿ ಒಳಗ ಎಳಕೋಳಾಕ ಶುರು ಮಾಡ್ಯಾಳ್ರೀ ಅಕ್ಕಾ, ಆಕೀಗೆ ಏಳ ವರ್ಷ" ಎಂದು ಒಂದು ದಿನ ಹೇಳಿದಳು. ಮಕ್ಕಳು ನಾವು ಹೇಳಿದ್ದನ್ನು ಕಲಿಯುವುದಕ್ಕಿಂತ ನಾವು ಮಾಡುವುದನ್ನು ಕಲಿಯುತ್ತಾರೆ. ತಾಯಿ ದಿನಾ ತನ್ನ ಮೈಯನ್ನು ಬೈದುಕೊಂಡರೆ ಮಗಳು ಆ ಬೈಗುಳವನ್ನು ಆಸ್ತಿಯ ಹಾಗೆ ಪಡೆಯುತ್ತಾಳೆ.

ಮೇರಿ ಕೋಮ್ ಅವರನ್ನು ನೆನಪು ಮಾಡಿಕೊಳ್ಳಿ. 2007ರಲ್ಲಿ ಅವಳಿ ಮಕ್ಕಳನ್ನು ಹೆತ್ತು, 2008ರಲ್ಲಿ ಮತ್ತೆ ವಿಶ್ವ ಚಾಂಪಿಯನ್ ಆದರು. 2012ರಲ್ಲಿ ಒಲಿಂಪಿಕ್ ಕಂಚು. ಮೂರು ಮಕ್ಕಳ ತಾಯಿಯಾಗಿ 2018ರಲ್ಲಿ ಆರನೆಯ ವಿಶ್ವ ಚಿನ್ನ. ಎಲ್ಲ ತಾಯಂದಿರೂ ಮೇರಿ ಕೋಮ್ ಆಗಬೇಕಿಲ್ಲ. ಮಗು ಹೆತ್ತ ಮೈ ಹಾಳಾದ ಮೈ ಎಂಬ ಮಾತು ಸುಳ್ಳು ಎಂದು ತಿಳಿಯಲು ಅವರೊಬ್ಬರು ಸಾಕು.

ನಾನು ಒಂದು ವರ್ಷ ಅಲ್ಲಿಗೆ ಹೋದೆ. ತೂಕ ಎರಡೇ ಕಿಲೋ ಕಡಿಮೆಯಾಯಿತು. ಆದರೆ ಲಿಫ್ಟ್ ಕೆಟ್ಟ ದಿನ ಹನ್ನೆರಡು ಕಿಲೋದ ಮಗುವನ್ನು ಎತ್ತಿಕೊಂಡು ಮೂರು ಮಹಡಿ ಹತ್ತಿದೆ, ನಡುವೆ ನಿಲ್ಲಲಿಲ್ಲ. ಸೊಂಟ ನೋವು ಹೋಯಿತು. ಆಕೆ ಕಲಿಸಿದ "ಸ್ಕ್ವಾಟ್" ಎಂಬ ಮುಖ್ಯ ವ್ಯಾಯಾಮ ನಮ್ಮ ತಾಲೀಮಿನ ಬೈಠಕ್ಕೇ ಹೌದು.

ಈಗ ಊರಿನ ತಾಯಂದಿರು ಕೇಳಬಹುದು: "ನೀವು ಕುರ್ಚಿ ಮ್ಯಾಲ ಕುಂದರೂ ಮಂದಿ, ನಿಮಗ ಬೇಕು. ನಾವು ಮುಂಜಾನಿಂದ ಸಂಜೀ ತನಕ ದುಡೀತೀವಿ, ನಮಗ್ಯಾಕ ವ್ಯಾಯಾಮ?" ನ್ಯಾಯವಾದ ಪ್ರಶ್ನೆ. ಹದಿನೈದು ಲೀಟರಿನ ಒಂದು ಕೊಡ ಅಂದರೆ ಹದಿನೈದು ಕಿಲೋ. ಜೋಯಿಡಾದ ಕುಣಬಿ ಅಕ್ಕಂದಿರು ಸೌದೆ ಹೊರೆ ಹೊತ್ತು ಕಾಡಿನ ಏರು ಹತ್ತುತ್ತಾರೆ. ಗೌಳಿಗರ ಹೆಣ್ಣುಮಕ್ಕಳು ಎಮ್ಮೆಗಳ ಹಿಂದೆ ನಡೆಯುವ ದೂರ ನಮ್ಮ ಆಫೀಸಿನವರ ಒಂದು ವಾರದ ನಡಿಗೆಗಿಂತ ಹೆಚ್ಚು. ಭತ್ತದ ಗದ್ದೆಯಲ್ಲಿ ಬಗ್ಗಿ ನಾಟಿ ಹಚ್ಚುವವರು ದಿನವಿಡೀ ಬಗ್ಗಿಯೇ ಇರುತ್ತಾರೆ.

ಆದರೆ ದುಡಿತ ಬೇರೆ, ತಾಲೀಮು ಬೇರೆ. ತಾಲೀಮಿನಲ್ಲಿ ಭಾರ ಸ್ವಲ್ಪ ಸ್ವಲ್ಪವಾಗಿ ಏರುತ್ತದೆ, ಎರಡೂ ಕಡೆ ಸಮವಾಗಿ ಬೀಳುತ್ತದೆ, ಒಂದು ದಿನ ದಣಿದರೆ ಮರುದಿನ ವಿಶ್ರಾಂತಿ ಇರುತ್ತದೆ, ಮೇಲೆ ಒಳ್ಳೆಯ ಊಟ ಇರುತ್ತದೆ. ಪೈಲವಾನನಿಗೆ ಮನೆಯವರು ಹಾಲು, ತುಪ್ಪ, ಬದಾಮಿ ಹೊಂದಿಸುತ್ತಾರೆ. ದುಡಿಯುವ ಹೆಂಗಸಿಗೆ ಭಾರ ಪೈಲವಾನನದ್ದು, ಊಟ ಮಾತ್ರ ಎಲ್ಲರದ್ದೂ ಆದ ಮೇಲೆ ಬೋಗುಣಿಯ ತಳದಲ್ಲಿ ಉಳಿದದ್ದು. ವಿಶ್ರಾಂತಿ ಜ್ವರ ಬಂದಾಗ.

ಇದರ ಫಲ ರಕ್ತದಲ್ಲಿ ಕಾಣುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಹೆಂಗಸರಲ್ಲಿ ದೇಶದಲ್ಲಿ ನೂರಕ್ಕೆ 57 ಜನರಿಗೆ, ಕರ್ನಾಟಕದಲ್ಲಿ ಸುಮಾರು 48 ಜನರಿಗೆ ರಕ್ತಹೀನತೆ ಇದೆ. ಅದೇ ವಯಸ್ಸಿನ ಗಂಡಸರಲ್ಲಿ ದೇಶದಲ್ಲಿ ನೂರಕ್ಕೆ 25. ಇದೇ ಸಮೀಕ್ಷೆಯಲ್ಲಿ ದೇಶದ ಹೆಂಗಸರಲ್ಲಿ ನೂರಕ್ಕೆ 19 ಜನ ತೀರಾ ತೆಳ್ಳಗಿದ್ದರು, 24 ಜನ ಹೆಚ್ಚು ತೂಕದವರಿದ್ದರು. ದಪ್ಪಗಿದ್ದವರಿಗೆ ರಕ್ತ ಚೆನ್ನಾಗಿರುತ್ತದೆ ಎಂದೇನೂ ಇಲ್ಲ. ಮೈ ತುಂಬಿಕೊಂಡಿದ್ದರೂ ಮೆಟ್ಟಿಲು ಹತ್ತಿದರೆ ಏದುಸಿರು, ಎದ್ದರೆ ಕಣ್ಣು ಕತ್ತಲೆ ಇರಬಹುದು. ಇದು ಕನ್ನಡಿಯಲ್ಲಿ ಕಾಣುವುದಿಲ್ಲ, ತಕ್ಕಡಿಯಲ್ಲೂ ಕಾಣುವುದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬೆರಳ ತುದಿಯ ಒಂದು ಹನಿ ರಕ್ತ ಕೊಟ್ಟರೆ ಗೊತ್ತಾಗುತ್ತದೆ. ಹಿಮೋಗ್ಲೋಬಿನ್ ಹೆಂಗಸರಿಗೆ 12 ಗ್ರಾಂ, ಬಸುರಿಯರಿಗೆ 11 ಗ್ರಾಂ ಕನಿಷ್ಠ ಇರಬೇಕು. ನನ್ನ ತಂಗಿಯರೇ, ನಿಮ್ಮ ತೂಕ ಎಷ್ಟೆಂದು ನೆನಪಿಡುವ ಬದಲು ಈ ಸಂಖ್ಯೆಯನ್ನು ನೆನಪಿಡಿ.

ಶಾಲೆಯಲ್ಲಿ ವಾರಕ್ಕೊಂದು ಕಬ್ಬಿಣಾಂಶದ ನೀಲಿ ಮಾತ್ರೆ ಕೊಡುತ್ತಾರೆ. ಕಿಟಕಿಯಿಂದ ಹೊರಗೆ ಎಸೆಯುವವರೂ ಇದ್ದಾರೆ ಎಂದು ಗುರುಗಳಿಗೆ ಗೊತ್ತು. ಎಸೆಯಬೇಡಿ. ಊಟದ ಮೇಲೆ ನುಂಗಿ, ಹೊಟ್ಟೆ ತೊಳಸುವುದು ಕಡಿಮೆ. ಊಟದ ಜೊತೆಗೇ ಚಹಾ ಕುಡಿದರೆ ಆಹಾರದ ಕಬ್ಬಿಣಾಂಶ ಮೈಗೆ ಹತ್ತುವುದು ಕಡಿಮೆ, ಲಿಂಬೆಹಣ್ಣು ಹಿಂಡಿಕೊಂಡರೆ ಹೆಚ್ಚು. 2024ರಿಂದ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವು ಸೇರಿ ಸರಕಾರಿ ಶಾಲೆಯ ಮಕ್ಕಳಿಗೆ ವಾರದಲ್ಲಿ ಆರು ದಿನ ಮೊಟ್ಟೆ ಬಂದಿದೆ, ತಿನ್ನದವರಿಗೆ ಬಾಳೆಹಣ್ಣು. ಒಂದು ಮೊಟ್ಟೆಯಲ್ಲಿ ಸುಮಾರು ಆರು ಗ್ರಾಂ ಪ್ರೋಟೀನ್. ನಾವು ಓದುವಾಗ ಈ ಭಾಗ್ಯ ಇರಲಿಲ್ಲ. "ದಪ್ಪ ಆಗ್ತೀನಿ" ಎಂದು ಮೊಟ್ಟೆಯನ್ನು ಪಕ್ಕದವಳಿಗೆ ದಾಟಿಸುವ ಹುಡುಗಿಯರು ಇದ್ದಾರೆಂದು ಅಕ್ಕೋರೊಬ್ಬರು ಹೇಳಿದರು. ಬೆಳೆಯುವ ವಯಸ್ಸಿನಲ್ಲಿ ಊಟ ಬಿಟ್ಟರೆ ಸೊರಗುವುದು ಎಲುಬು ಮತ್ತು ರಕ್ತ. ಜೋಯಿಡಾದ ಗೆಡ್ಡೆ ಗೆಣಸಿನ ಮೇಳ ನೋಡಿ ಬನ್ನಿ, ಎಷ್ಟು ಬಗೆಯ ಗೆಡ್ಡೆಗಳು! ಇಂಟರ್ನೆಟ್ಟಿನಲ್ಲಿ ಯಾರೋ "ಗೆಣಸು ಬೇಡ, ಅನ್ನ ಬೇಡ" ಎಂದರೆ ನಮ್ಮ ಅಜ್ಜಿಯ ಊಟವನ್ನು ಬಿಡಬೇಕಾಗಿಲ್ಲ. ಅದಕ್ಕೆ ಬೇಳೆ, ಕಾಳು, ಮೊಸರು, ಮೀನು ಯಾವುದು ನಿಮ್ಮ ಮನೆಯಲ್ಲಿ ನಡೆಯುತ್ತದೋ ಅದನ್ನು ಸೇರಿಸಿದರೆ ಸಾಕು.

ತಕ್ಕಡಿಯ ಮಾತು ಆಯಿತು. ಕನ್ನಡಿಯ ಬಗ್ಗೆ ನನ್ನ ವೃತ್ತಿಯಿಂದ ಎರಡು ಮಾತು.

ನಮ್ಮ ಶಾಲೆ ಶುರುವಾದ ಕಾಲದಲ್ಲೇ, 1975ರಲ್ಲಿ, ಮೈಬಣ್ಣ ಬೆಳ್ಳಗೆ ಮಾಡುತ್ತೇನೆ ಎನ್ನುವ ಒಂದು ಪ್ರಸಿದ್ಧ ಕ್ರೀಮು ನಮ್ಮ ದೇಶದ ಪೇಟೆಗೆ ಬಂತು. ನಮ್ಮ ಅಮ್ಮಂದಿರಿಂದ ನಮ್ಮ ತನಕ ಎಲ್ಲರ ಮನೆಯ ಕಪಾಟಿನಲ್ಲೂ ಅದು ಕುಳಿತಿತ್ತು. 2020ರಲ್ಲಿ ಕಂಪನಿಯೇ ಅದರ ಹೆಸರಿನಿಂದ "ಫೇರ್" ಎಂಬ ಶಬ್ದವನ್ನು ತೆಗೆಯಿತು. ಟ್ಯೂಬಿನ ಹೆಸರು ಬದಲಾಗಲು 45 ವರ್ಷ ಬೇಕಾಯಿತು. ನಮ್ಮ ನಾಲಿಗೆ ಬದಲಾಗಲು ಇನ್ನೆಷ್ಟು ವರ್ಷ ಬೇಕೋ! ದಾಂಡೇಲಿಗೆ ದೂರದೂರದ ಊರುಗಳಿಂದ ಹೆಣ್ಣುಮಕ್ಕಳು ಹಣ ಕೊಟ್ಟು ಬಂದು ಕಾಳಿ ನದಿಯಲ್ಲಿ ಬಿಸಿಲಿಗೆ ಹುಟ್ಟು ಹಾಕುತ್ತಾರೆ. ಅದೇ ಬಿಸಿಲಿಗೆ ಕಪ್ಪಾಗುತ್ತೀ ಎಂದು ನಾವು ನಮ್ಮ ಮಕ್ಕಳನ್ನು ಒಳಗೆ ಕರೆಯುತ್ತೇವೆ.

ಈಗಿನ ಕ್ರೀಮು ಫೋನಿನೊಳಗೇ ಇದೆ. ಮಕ್ಕಳೇ, ಕ್ಯಾಮೆರಾದ "ಬ್ಯೂಟಿ" ಬಟನ್ ಒತ್ತಿದಾಗ ಏನಾಗುತ್ತದೆ ಎಂದು ಹೇಳುತ್ತೇನೆ. ತಂತ್ರಾಂಶ ಮೊದಲು ನಿಮ್ಮ ಮುಖದ ಮೇಲೆ ಬಿಂದುಗಳನ್ನು ಗುರುತಿಸುತ್ತದೆ. ಗೂಗಲ್ ಬಿಟ್ಟಿರುವ ಒಂದು ಮುಕ್ತ ತಂತ್ರಾಂಶ ಹೀಗೆ 468 ಬಿಂದು ಹಾಕುತ್ತದೆ. ಆಮೇಲೆ ದವಡೆಯ ಬಿಂದುಗಳನ್ನು ಒಳಗೆ ತಳ್ಳುತ್ತದೆ, ಕಣ್ಣಿನ ಬಿಂದುಗಳನ್ನು ಹಿಗ್ಗಿಸುತ್ತದೆ, ಅಕ್ಕಪಕ್ಕದ ಬಣ್ಣಗಳ ಸರಾಸರಿ ತೆಗೆದು ಚರ್ಮವನ್ನು ನುಣುಪು ಮಾಡುತ್ತದೆ, ಹೊಳಪಿನ ಅಂಕಿಯನ್ನು ಏರಿಸುತ್ತದೆ. ಇದು ನೀವು ಎಂಟನೆಯ ತರಗತಿಯಲ್ಲಿ ಕಲಿಯುವ ಗ್ರಾಫ್ ಹಾಳೆಯ ಗಣಿತವೇ. ಆ ಗಣಿತಕ್ಕೆ ನೀವು ಯಾರೆಂದು ಗೊತ್ತಿಲ್ಲ. ಸ್ವಂತ ಮುಖವನ್ನು ಆ ಲೆಕ್ಕದ ಜೊತೆ ಹೋಲಿಸಿ ಅಳುವುದು ವ್ಯರ್ಥ.

ಸಂಖ್ಯೆಗಳ ಬಗ್ಗೆಯೂ ಅಷ್ಟೇ. ತೂಕವನ್ನು ಎತ್ತರದ ವರ್ಗದಿಂದ ಭಾಗಿಸುವ ಬಿ.ಎಂ.ಐ. ಲೆಕ್ಕವನ್ನು 19ನೇ ಶತಮಾನದಲ್ಲಿ ಕೊಟ್ಟವರು ಬೆಲ್ಜಿಯಂನ ಅಡಾಲ್ಫ್ ಕೆಟ್ಲೆ. ಅವರು ವೈದ್ಯರಲ್ಲ, ಗಣಿತಜ್ಞ ಮತ್ತು ಖಗೋಳಜ್ಞ, ಇಡೀ ಜನಸಮೂಹದ ಸರಾಸರಿ ಹುಡುಕುತ್ತಿದ್ದವರು. 1972ರಲ್ಲಿ ಅಮೆರಿಕದ ಆನ್ಸೆಲ್ ಕೀಸ್ ಅದಕ್ಕೆ ಈಗಿನ ಹೆಸರು ಕೊಟ್ಟರು. ಆ ಲೆಕ್ಕಕ್ಕೆ ಕೊಬ್ಬು ಯಾವುದು, ಸ್ನಾಯು ಯಾವುದು ಗೊತ್ತಾಗುವುದಿಲ್ಲ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬ ನಿಯಮವೂ 1965ರಲ್ಲಿ ಜಪಾನಿನ ಒಂದು ಕಂಪನಿ ಹೆಜ್ಜೆ ಎಣಿಸುವ ಯಂತ್ರ ಮಾರಲು ಇಟ್ಟ ಹೆಸರಿನಿಂದ ಬಂದದ್ದು.

ಹಾಗಂತ ತೂಕ, ಹೊಟ್ಟೆ ಯಾವುದೂ ಲೆಕ್ಕಕ್ಕಿಲ್ಲ ಎಂದು ನಾನು ಹೇಳುತ್ತಿಲ್ಲ. ನಮ್ಮ ಜನರಿಗೆ ಸಕ್ಕರೆ ಕಾಯಿಲೆ ಬೇಗ ಬರುತ್ತದೆ. ಸೊಂಟದ ಸುತ್ತಳತೆ ಹೆಂಗಸರಲ್ಲಿ 80 ಸೆಂಟಿಮೀಟರ್, ಗಂಡಸರಲ್ಲಿ 90 ದಾಟಿದರೆ ಎಚ್ಚರಿಕೆ ಬೇಕು, ರಕ್ತ ಪರೀಕ್ಷೆ ಮಾಡಿಸಬೇಕು. ಇದು ವೈದ್ಯರ ಜೊತೆ ಕುಳಿತು ಆಡುವ ಮಾತು. ಹಂದರದ ಕೆಳಗೆ ನಾಲ್ಕು ಜನರ ಮುಂದೆ ಆಡುವ ಮಾತಲ್ಲ.

ಗಂಡುಮಕ್ಕಳಿಗೂ ಒಂದು ಮಾತು. ನಿಮಗೂ ಕನ್ನಡಿಯ ಕಾಟ ಶುರುವಾಗಿದೆ ಎಂದು ಗೊತ್ತು. ಸಿನಿಮಾದ ಆರು ಕಟ್ಟಿನ ಹೊಟ್ಟೆ ಶೂಟಿಂಗ್ ದಿನಕ್ಕೆಂದೇ ನೀರು ಬಿಟ್ಟು, ಬೆಳಕು ಹಾಕಿ ತೋರಿಸಿದ್ದು. ಯಾರೋ ಡಬ್ಬಿಯಲ್ಲಿ ಕೊಟ್ಟ ಪುಡಿ, ಇಂಜೆಕ್ಷನ್ ಮುಟ್ಟಬೇಡಿ. ದಂಡ, ಬೈಠಕ್, ಹಗ್ಗ ಹತ್ತುವುದು, ಹೊಟ್ಟೆ ತುಂಬ ಊಟ, ಎಂಟು ತಾಸು ನಿದ್ದೆ. ಹಳಿಯಾಳದ ಹಳೆಯ ಪೈಲವಾನರನ್ನು ಕೇಳಿ, ಅವರೂ ಇದನ್ನೇ ಹೇಳುತ್ತಾರೆ. ಮತ್ತೊಂದು, ಜೊತೆಯ ಹುಡುಗಿ ಓಡುವಾಗ ನಗಬೇಡಿ. ನಿಮ್ಮ ಒಂದು ನಗೆಗೆ ಅವಳ ಹತ್ತು ವರ್ಷದ ಆಟ ನಿಲ್ಲಬಹುದು.

ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಸರಳವಾಗಿದೆ. 17 ವರ್ಷದ ತನಕ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವ ಆಟ. ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಿನ ನಡಿಗೆ ಅಥವಾ ಅಂಥದ್ದು, ಜೊತೆಗೆ ವಾರದಲ್ಲಿ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ. ಇದಕ್ಕೆ ಜಿಮ್ ಬೇಡ, ಮೈದಾನ ಸಾಕು. ನಮ್ಮ ಶಾಲೆಗೆ ಮೈದಾನ ಇದೆ. ಹೀಗಾಗಿ ನನ್ನ ಕೆಲವು ಬೇಡಿಕೆಗಳನ್ನು ಈ ಸಭೆಯ ಮುಂದೆ ಇಡುತ್ತೇನೆ.

ಗುರುಗಳಲ್ಲಿ ಕೇಳುವುದು: ಎಸ್.ಎಸ್.ಎಲ್.ಸಿ. ಹತ್ತಿರ ಬಂದಾಗ ಪಿ.ಟಿ. ತಾಸನ್ನು ಗಣಿತಕ್ಕೆ ಕೊಡಬೇಡಿ. ನಾನು ಗಣಿತದಿಂದಲೇ ಅನ್ನ ತಿನ್ನುವವಳು, ಆದರೂ ಕೇಳುತ್ತಿದ್ದೇನೆ. ಮೂಲೆಯಲ್ಲಿರುವ ಲೇಜಿಮು, ಮರದ ಡಂಬೆಲ್ಸು ಮತ್ತೆ ಹೊರಗೆ ಬರಲಿ. ಹುಡುಗಿ ದೊಡ್ಡವಳಾದಳೆಂದು ಅವಳ ಆಟ ನಿಲ್ಲದಿರಲಿ. ಶೌಚಾಲಯದಲ್ಲಿ ನೀರು, ಶುಚಿ ಯೋಜನೆಯ ಪ್ಯಾಡು, ಬಟ್ಟೆ ಬದಲಿಸಲು ಒಂದು ಬಾಗಿಲಿರುವ ಕೋಣೆ ಇದ್ದರೆ ಅರ್ಧ ಹುಡುಗಿಯರು ಮೈದಾನ ಬಿಡುವುದಿಲ್ಲ.

ಹಳೆಯ ವಿದ್ಯಾರ್ಥಿಗಳಲ್ಲಿ ಕೇಳುವುದು: ಸುವರ್ಣ ಮಹೋತ್ಸವದ ನೆನಪಿಗೆ ಮಹಾದ್ವಾರ ಕಟ್ಟಿಸುವ ಮಾತು ನಡೆದಿದೆ. ದ್ವಾರ ಆಗಲಿ. ಅದರ ಖರ್ಚಿನ ಒಂದು ಭಾಗವನ್ನು ಆ ಕೋಣೆಗೆ, ಹುಡುಗಿಯರ ಟ್ರ್ಯಾಕ್ ಪ್ಯಾಂಟು ಮತ್ತು ಬೂಟಿಗೆ, ಕುಸ್ತಿಯ ಒಂದು ಮ್ಯಾಟಿಗೆ ತೆಗೆದಿಡಿ. ನನ್ನ ಪಾಲನ್ನು ನಾನು ಇವತ್ತೇ ಕೊಟ್ಟು ಹೋಗುತ್ತೇನೆ.

ಊರಿನವರಲ್ಲಿ ಕೇಳುವುದು: ಬೆಳಿಗ್ಗೆ ಆರರಿಂದ ಏಳರ ತನಕ ಈ ಮೈದಾನವನ್ನು ಹೆಂಗಸರಿಗೆ ಬಿಟ್ಟುಕೊಡಿ. ಮುಂಡಗೋಡದ ಟಿಬೆಟನ್ ಕಾಲೊನಿಗೆ ಹೋದವರು ನೋಡಿರುತ್ತೀರಿ. 1966ರಿಂದ ಅಲ್ಲಿ ನೆಲೆಸಿದ ಅವರಲ್ಲಿ ವಯಸ್ಸಾದ ಅಜ್ಜಿಯಂದಿರು ಕೈಯಲ್ಲಿ ಜಪಮಣಿ ಹಿಡಿದು ಬೆಳಿಗ್ಗೆ ಪ್ರದಕ್ಷಿಣೆ ಹಾಕುತ್ತಾರೆ. "ಈ ವಯಸ್ಸಿನಾಗ ಎಲ್ಲಿಗೆ ಹೊಂಟ್ರಿ" ಎಂದು ಅವರನ್ನು ಯಾರೂ ತಡೆದು ಕೇಳುವುದಿಲ್ಲ. ನಮ್ಮಲ್ಲಿ ನಲವತ್ತು ದಾಟಿದ ಹೆಂಗಸು ಕೈಯಲ್ಲಿ ಚೀಲವೋ ಕೊಡವೋ ಇಲ್ಲದೆ ಸುಮ್ಮನೆ ನಡೆದರೆ ಹತ್ತು ಜನ ಕೇಳುತ್ತಾರೆ. ಆ ಪ್ರಶ್ನೆಯನ್ನು ನಿಲ್ಲಿಸಿದರೆ ಅರ್ಧ ಕೆಲಸ ಆದ ಹಾಗೆ.

ತಾಯಂದಿರಲ್ಲಿ ಕೇಳುವುದು ಎರಡೇ. ಮಕ್ಕಳ ಮುಂದೆ ನಿಮ್ಮ ಮೈಯನ್ನು ಬೈದುಕೊಳ್ಳಬೇಡಿ, ಅವರ ಮೈಯನ್ನೂ ಬೈಯಬೇಡಿ. ಮತ್ತೆ, ಎಲ್ಲರ ಜೊತೆ ಕುಳಿತು ಊಟ ಮಾಡಿ. ನಿಮ್ಮ ತಾಟಿಗೆ ಮೊಟ್ಟೆಯೋ, ಕಾಳಿನ ಪಲ್ಯವೋ ಮೊದಲು ಬೀಳಲಿ.

ಕೊನೆಯದಾಗಿ, ವಾರ್ಷಿಕ ಕ್ರೀಡಾಕೂಟದಲ್ಲಿ ತಾಯಂದಿರಿಗೆ ಪ್ರತಿ ವರ್ಷ ಲಿಂಬೆ-ಚಮಚ ಮತ್ತು ಸಂಗೀತ ಕುರ್ಚಿ ಇಡುತ್ತೀರಿ. ಈ ವರ್ಷ ಹಗ್ಗ ಜಗ್ಗಾಟ ಇಡಿ. ದಿನಾ ಬಾವಿಯ ಹಗ್ಗ ಎಳೆದ ಕೈಗಳು ಇವು. ಯಾರ ಕಡೆ ಎಷ್ಟು ಕಿಲೋ ತೂಕ ಇದೆ ಎಂದು ಆಗ ಯಾರೂ ನಗುವುದಿಲ್ಲ, ಗಟ್ಟಿಯಾಗಿ ಇರುವವರನ್ನೇ ಎಲ್ಲರೂ ತಮ್ಮ ಕಡೆ ಕರೆಯುತ್ತಾರೆ.